ಬಂಗು, ಕೆಂಪು ನರಕ್ಕೆ ಐಪಿಎಲ್ (ಬೆಳಕಿನ ಚಿಕಿತ್ಸೆ) ಮಾಡಿಸ್ಬೋದಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 38 ವರ್ಷ, ಎರಡೂ ಕೆನ್ನೆ ಮೇಲೆ ಬಂಗು ಇದೆ, ಮೂಗಿನ ಪಕ್ಕ ಸಣ್ಣ ಸಣ್ಣ ಕೆಂಪು ನರಗಳೂ ಕಾಣ್ಸುತ್ತೆ. ಐಪಿಎಲ್ ಮಾಡಿಸಿದ್ರೆ ಎರಡೂ ಹೋಗುತ್ತೆ ಅಂತಾರೆ, ನಿಜಾನಾ? ನನ್ನ ಬಣ್ಣ ಸ್ವಲ್ಪ ಕಪ್ಪು.

ಉತ್ತರ: ದಯವಿಟ್ಟು ಆತುರ ಬೇಡ. ಐಪಿಎಲ್ ಲೇಸರ್ ಅಲ್ಲ, ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಬೆಳಕನ್ನ ಒಟ್ಟಿಗೆ ಚರ್ಮಕ್ಕೆ ಬಿಡೋದು, ಅದನ್ನ ಕಲೆಯಲ್ಲಿರೋ ಮೆಲನಿನ್ನು (ಚರ್ಮಕ್ಕೆ ಬಣ್ಣ ಕೊಡೋ ಅಂಶ), ರಕ್ತದಲ್ಲಿರೋ ಹಿಮೋಗ್ಲೋಬಿನ್ನು ಹೀರ್ಕೊಂಡು ಬಿಸಿಯಾಗುತ್ತೆ, ಆ ಬಿಸಿಗೆ ಸಣ್ಣ ರಕ್ತನಾಳ ಮುಚ್ಕೊಳ್ಳುತ್ತೆ, ಬಿಸಿಲಿಂದ ಬಂದ ಕಲೆ ಆದ್ರೆ ಕಪ್ಪಾಗಿ ಒಂದೆರಡು ವಾರದಲ್ಲಿ ಉದುರುತ್ತೆ. ತೊಂದ್ರೆ ಏನಂದ್ರೆ ಕಪ್ಪು ಚರ್ಮದಲ್ಲಿ ಎಲ್ಲಾ ಕಡೆನೂ ಮೆಲನಿನ್ ಜಾಸ್ತಿ ಇರುತ್ತಲ್ಲ, ಕಲೆ ಜೊತೆ ಸುತ್ತಲಿನ ಚರ್ಮನೂ ಸುಟ್ಟು ಹೊಸ ಕಲೆ ಬೀಳ್ಬೋದು. ಬಂಗಂತೂ ಬಿಸಿಗೆ ಇನ್ನೂ ಹೆಚ್ಚಾಗೋದುಂಟು, ಹಾಗಾಗಿ ಬಂಗಿಗೆ ಮೊದ್ಲು ದಿನಾ ಸನ್‌ಸ್ಕ್ರೀನು, ಡಾಕ್ಟರ್ ಬರ್ಕೊಟ್ಟ ಕ್ರೀಮು, ಅಷ್ಟೇ.

ಕೆಂಪು ನರಕ್ಕೆ 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರ್ ಇದೆ, ಅದನ್ನ ಮೆಲನಿನ್ ಕಮ್ಮಿ ಹೀರುತ್ತೆ, ಹಾಗಾಗಿ ನಿಮ್ಮಂಥ ಚರ್ಮಕ್ಕೆ ಐಪಿಎಲ್‌ಗಿಂತ ಸೇಫು. ಪಾರ್ಲರ್‌ನಲ್ಲಿ ಬೇಡ್ವೇ ಬೇಡ. ಚರ್ಮದ ಡಾಕ್ಟರ್ ಹತ್ರ ಸಣ್ಣ ಜಾಗದಲ್ಲಿ ಟೆಸ್ಟ್ ಮಾಡಿಸಿ ಆಮೇಲೆ ಮುಂದುವರೀರಿ, ಕಣ್ಣಿಗೆ ಶೀಲ್ಡ್ ಹಾಕ್ದೆ ಶುರು ಮಾಡೋಕೆ ಬಂದ್ರೆ ಅಲ್ಲಿಂದ ಎದ್ದು ಬನ್ನಿ.