ನಂದಿ ತಿರುವಿನಲ್ಲಿ ಹಗುರ, ಪೇಟೆ ಟ್ರಾಫಿಕ್‌ನಲ್ಲಿ ಬಿಸಿ: ಪನಿಗಾಲೆ ವಿ4 ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಭಾನುವಾರ ಬೆಳಗ್ಗೆ ನಂದಿ ಕ್ರಾಸ್ ಹತ್ತಿರ ಟೀ ಕುಡಿಯಲು ನಿಂತಾಗ ಬೆಂಗಳೂರಿನಿಂದ ಬರುವ ಡುಕಾಟಿ ಪನಿಗಾಲೆ ವಿ4 ನೋಡುತ್ತೇನೆ. ನಾಲ್ಕು ಸಿಲಿಂಡರ್ ಅಂತಾರೆ, ಶಬ್ದ ಮಾತ್ರ ಎರಡು ಸಿಲಿಂಡರ್ ಬೈಕಿನ ಥರ ದಡದಡ ಅನ್ನುತ್ತದೆ. ಜಪಾನಿನ ನಾಲ್ಕು ಸಿಲಿಂಡರ್ ಬೈಕ್‌ಗಳು ಹೀಗೆ ಕೂಗುವುದಿಲ್ಲ. ನಮ್ಮ ಮಾವ ಇದೆಲ್ಲ ಬರೀ ಶೋಕಿ ಅಂತಾರೆ. ನಿಜವಾಗಿ ಇದರಲ್ಲಿ ವಿಶೇಷ ಏನಿದೆ?

ಉತ್ತರ: ನಿಮ್ಮ ಕಿವಿಗೆ ಕೇಳಿಸಿದ್ದು ಸರಿಯಾಗೇ ಇದೆ. ಆ ದಡದಡದಲ್ಲೇ ಈ ಬೈಕಿನ ಅರ್ಧ ಗುಟ್ಟು ಇದೆ.

ಎಂಜಿನ್‌ನ ಕ್ರ್ಯಾಂಕ್ (ಪಿಸ್ಟನ್ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ನಾಲ್ಕೂ ಸಿಲಿಂಡರ್ ಒಂದೊಂದು ಸಲ ಉರಿಯಬೇಕು. ಮಾಮೂಲಿ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪ್ರತಿ 180 ಡಿಗ್ರಿಗೆ ಒಂದು. ಅದಕ್ಕೇ ಅದು ಒಂದೇ ಸಮ ಕೂಗುತ್ತದೆ. ಪನಿಗಾಲೆಯಲ್ಲಿ ಸಿಲಿಂಡರ್‌ಗಳು ಉರಿಯುವುದು 0, 90, 290, 380ನೇ ಡಿಗ್ರಿಗಳಲ್ಲಿ. ಎರಡು ಏಟು ಹತ್ತಿರ ಹತ್ತಿರ, ಸ್ವಲ್ಪ ಬಿಡುವು, ಮತ್ತೆರಡು ಏಟು, ಆಮೇಲೆ 340 ಡಿಗ್ರಿ ಪೂರ್ತಿ ಮೌನ. ಊರಹಬ್ಬದ ತಮಟೆ ನೆನಪು ಮಾಡಿಕೊಳ್ಳಿ. ಜೋಡಿ ಏಟು ಬಿದ್ದಾಗ ಕಿವಿಗೆ ಅದು ಒಂದೇ ದಪ್ಪ ಏಟು. ಅದಕ್ಕೇ ನಾಲ್ಕು ಸಿಲಿಂಡರ್ ನಿಮಗೆ ಎರಡರ ಹಾಗೆ ಕೇಳಿಸಿದ್ದು. ಇದು ಶಬ್ದಕ್ಕಾಗಿ ಮಾಡಿದ್ದಲ್ಲ. ಆ ಬಿಡುವಿನಲ್ಲಿ ಹಿಂದಿನ ಟೈರಿನ ಮೇಲೆ ಎಳೆತ ಕಡಿಮೆಯಾಗಿ, ಅದು ಮತ್ತೆ ರಸ್ತೆ ಕಚ್ಚಿಕೊಳ್ಳಲಿ ಅನ್ನುವುದು ಉದ್ದೇಶ. ರೇಸ್ ಬೈಕ್‌ಗಳಿಂದ ಬಂದ ಲೆಕ್ಕಾಚಾರ ಇದು.

ಇನ್ನರ್ಧ ಗುಟ್ಟು ಕಿವಿಗೆ ಕೇಳಿಸುವುದಿಲ್ಲ. ಮನೆಯಲ್ಲಿ ಹಳೇ ಸೈಕಲ್ ಚಕ್ರ ಇದ್ದರೆ ಒಂದು ಕೆಲಸ ಮಾಡಿ ನೋಡಿ. ಆಕ್ಸಲ್‌ನ ಎರಡೂ ತುದಿ ಕೈಯಲ್ಲಿ ಹಿಡಿದುಕೊಳ್ಳಿ. ಬೇರೆಯವರು ಚಕ್ರವನ್ನು ಜೋರಾಗಿ ತಿರುಗಿಸಲಿ. ಈಗ ಅದನ್ನು ಪಕ್ಕಕ್ಕೆ ವಾಲಿಸಲು ಹೋಗಿ. ಯಾರೋ ಎದುರಿನಿಂದ ತಳ್ಳಿದ ಹಾಗೆ ಅದು ಕೈಯಲ್ಲಿ ಹೊರಳಾಡುತ್ತದೆ. ಓಡುವ ಬೈಕಿನ ಎರಡು ಚಕ್ರಗಳೂ ಹೀಗೇ ವಾಲಲು ಒಪ್ಪುವುದಿಲ್ಲ. ಬಹುಪಾಲು ಬೈಕ್‌ಗಳಲ್ಲಿ ಕ್ರ್ಯಾಂಕ್ ಕೂಡ ಚಕ್ರಗಳ ದಿಕ್ಕಿಗೇ ತಿರುಗಿ ಆ ಹಟಕ್ಕೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ಪನಿಗಾಲೆಯ ಕ್ರ್ಯಾಂಕ್ ಉಲ್ಟಾ ತಿರುಗುತ್ತದೆ. ಚಕ್ರಗಳ ಹಟವನ್ನು ಅಷ್ಟು ಕಳೆಯುತ್ತದೆ. ಥ್ರಾಟಲ್ ಕೊಟ್ಟಾಗ ಮುಂಚಕ್ರ ಮೇಲೇಳುವುದನ್ನೂ ಸ್ವಲ್ಪ ಅದುಮುತ್ತದೆ. ಇದಕ್ಕೆ ಬೆಲೆ ಇಲ್ಲದಿಲ್ಲ. ಕ್ರ್ಯಾಂಕ್‌ಗೂ ಕ್ಲಚ್‌ಗೂ ನಡುವೆ ಇನ್ನೊಂದು ಗೇರ್ ಬೇಕು, ಅಲ್ಲಿ ಚೂರು ಪವರ್ ಹೋಗುತ್ತದೆ. ಇಟಲಿಯ ಬೊಲೊನ್ಯಾ ಊರಿನ ಡುಕಾಟಿಯವರು ಗೊತ್ತಿದ್ದೇ ಅದನ್ನು ಬಿಟ್ಟುಕೊಟ್ಟರು. ಈ ಬೈಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ತೀರ್ಮಾನ ಅದು.

ಕೈಗೆ ಇದು ಹೇಗೆ ಗೊತ್ತಾಗುತ್ತದೆ ಅಂತೀರಾ? ನಾನು ಮೊದಲ ಸಲ ಇದನ್ನು ನಂದಿ ಬೆಟ್ಟಕ್ಕೆ ಹತ್ತಿಸಿದಾಗ ಗಂಟೆಗೆ 40 ಕಿ.ಮೀ. ದಾಟಿರಲಿಲ್ಲ. ಎಡದ ತಿರುವು ಮುಗಿಸಿ ಬಲಕ್ಕೆ ಹೊರಳಿಸಬೇಕು. ದೊಡ್ಡ ಬೈಕಲ್ವಾ ಅಂತ ಭುಜ ಬಿಗಿ ಮಾಡಿಕೊಂಡು ಕಾಯುತ್ತಿದ್ದೆ. ಬೇಕಾಗಲೇ ಇಲ್ಲ. ಒಳಗಿನ ಹ್ಯಾಂಡಲನ್ನು ಅಂಗೈಯಿಂದ ಸುಮ್ನೆ ಒತ್ತಿದೆ, ಬೈಕ್ ಆ ಕಡೆ ಹೋಯಿತು. 1,103 ಸಿಸಿ ಬೈಕ್ ಅನ್ನುವುದೇ ಮರೆತುಹೋಯಿತು.

ಸಿಲಿಂಡರ್ ಒಳಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ಕವಾಟಗಳ (ವಾಲ್ವ್) ಬಗ್ಗೆಯೂ ಹೇಳಬೇಕು. ಹೋಟೆಲ್ ಅಡುಗೆಮನೆಯ ಸ್ಪ್ರಿಂಗ್ ಬಾಗಿಲು ನೋಡಿದ್ದೀರಲ್ಲ? ತಳ್ಳಿದರೆ ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಸಪ್ಲೈಯರ್‌ಗಳು ಒಬ್ಬರ ಹಿಂದೊಬ್ಬರು ಓಡಿ ಬಂದರೆ ಬಾಗಿಲು ಮುಚ್ಚುವಷ್ಟರಲ್ಲಿ ಇನ್ನೊಬ್ಬ ಬಂದಿರುತ್ತಾನೆ. ಸಾಮಾನ್ಯ ಎಂಜಿನ್ ಕವಾಟವೂ ಹಾಗೇ, ಆರ್‌ಪಿಎಂ ತೀರಾ ಏರಿದರೆ ಸ್ಪ್ರಿಂಗಿಗೆ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಡುಕಾಟಿಯ ಡೆಸ್ಮೊ ಪದ್ಧತಿಯಲ್ಲಿ ಕವಾಟ ತೆರೆಯಲು ಒಂದು ಕ್ಯಾಮ್ (ತಿರುಗುತ್ತಾ ಕವಾಟವನ್ನು ಆಡಿಸುವ ಉಬ್ಬು), ಸ್ಪ್ರಿಂಗ್ ಬದಲು ಎಳೆದು ಮುಚ್ಚಲು ಇನ್ನೊಂದು. ಫ್ಯಾಬಿಯೊ ತಾಲ್ಯೋನಿ ಎಂಬ ಎಂಜಿನಿಯರ್ 1956ರಲ್ಲೇ 125 ಸಿಸಿ ರೇಸ್ ಬೈಕಿಗೆ ಇದನ್ನು ಹಾಕಿ ಸ್ವೀಡನ್‌ನಲ್ಲಿ ಗೆಲ್ಲಿಸಿದರು. ಈಗಿನ ಎಂಜಿನ್‌ನ ಹೆಸರಲ್ಲೂ ಅದೇ ಇದೆ: ಡೆಸ್ಮೊಸೆಡಿಚಿ ಸ್ಟ್ರಡಾಲೆ. ಸೆಡಿಚಿ ಅಂದರೆ ಇಟಾಲಿಯನ್‌ನಲ್ಲಿ ಹದಿನಾರು, ಅಷ್ಟು ಕವಾಟ. ಸ್ಟ್ರಡಾಲೆ ಅಂದರೆ ರಸ್ತೆಯದು. ಪನಿಗಾಲೆ ಅನ್ನುವುದು ಕಾರ್ಖಾನೆ ಇರುವ ಬೋರ್ಗೊ ಪನಿಗಾಲೆ ಎಂಬ ಬಡಾವಣೆಯ ಹೆಸರು.

ಇನ್ನು ನಿಮ್ಮ ಮಾವನವರ ಮಾತು. ಅದರಲ್ಲಿ ಅರ್ಧ ನಿಜ ಇದೆ. 2018ರಲ್ಲಿ ಬಂದ ಮೊದಲ ಮಾದರಿಗೆ 13,000 ಆರ್‌ಪಿಎಂನಲ್ಲಿ 214 ಹಾರ್ಸ್‌ಪವರ್. ಮೊದಲ ಗೇರಿನಲ್ಲೇ ನೂರು ದಾಟುತ್ತದೆ. ಬಾಗೇಪಲ್ಲಿ ಕಡೆಯ ಹೈವೇಯಲ್ಲಿ ಈ ಪವರ್ ಹುಡುಕಲು ಹೋಗಲೇಬಾರದು. ಆದರೆ ಹಗುರವಾಗಿ ಹೊರಳುವುದು, ಒಂದೇ ಬೆರಳಿಗೆ ಸಿಗುವ ಬ್ರೇಕು, ಇವೆಲ್ಲ ನಲವತ್ತರ ವೇಗದಲ್ಲೂ ಸಿಗುತ್ತವೆ. ಅದನ್ನು ಶೋಕಿ ಅನ್ನಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಗೌರಿಬಿದನೂರಿನಿಂದ ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಪನಿಗಾಲೆ ವಿ4 ತೆಗೆದುಕೊಂಡು ಒಂದು ತಿಂಗಳಾಯಿತು. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ತೊಡೆ ಸುಡುತ್ತದೆ, ಫ್ಯಾನ್ ನಿಲ್ಲುವುದೇ ಇಲ್ಲ. ನಿಂತಾಗ ಎಂಜಿನ್ ಶಬ್ದವೂ ಬದಲಾಗುತ್ತದೆ. ಕೆಟ್ಟ ಗಾಡಿ ತಗೊಂಡೆನಾ?

ಉತ್ತರ: ಇಷ್ಟರಿಂದ ಹಾಗೆ ಹೇಳಲು ಬರುವುದಿಲ್ಲ, ಗಾಬರಿ ಬೇಡ. ಹಿಂದಿನ ಎರಡು ಸಿಲಿಂಡರ್ ನಿಮ್ಮ ಸೀಟಿನ ಬುಡದಲ್ಲೇ ಇವೆ. ಅದಕ್ಕೇ ಕಂಪನಿಯವರು ಬಿಸಿ ಎಂಜಿನ್ ನಿಂತಲ್ಲೇ ಓಡುವಾಗ ಆ ಎರಡನ್ನು ಆಫ್ ಮಾಡುವ ವ್ಯವಸ್ಥೆ ಇಟ್ಟಿದ್ದಾರೆ. ಶಬ್ದ ಬದಲಾಗುವುದು ಅದರಿಂದಲೇ ಇರಬೇಕು. ನೋಡಬೇಕಾದದ್ದು ಇಷ್ಟೇ: ಹೈವೇಗೆ ಬಂದು ಗಾಳಿ ಹೊಡೆದ ಮೇಲೆ ಟೆಂಪರೇಚರ್ ಇಳಿಯುತ್ತದಾ? ಇಳಿದರೆ ಸರಿ. ಇಳಿಯದಿದ್ದರೆ ಮೊದಲು ಮುಂಚಕ್ರದ ಹಿಂದೆ ಟಾರ್ಚ್ ಬಿಟ್ಟು ರೇಡಿಯೇಟರ್ ಜಾಲರಿ ನೋಡಿ. ನಮ್ಮ ಕಡೆ ಟ್ರ್ಯಾಕ್ಟರ್ ಚೆಲ್ಲಿದ ಕೆಮ್ಮಣ್ಣು ಹಾರಿ ಅಲ್ಲೇ ಹೆಂಟೆ ಕಟ್ಟುತ್ತದೆ. ಬಕೆಟ್ ನೀರು, ಮೆತ್ತನೆ ಬ್ರಷ್ ಸಾಕು. ವಾಟರ್ ಸರ್ವಿಸ್‌ನ ಜೋರು ಪೈಪ್ ಹಿಡಿಸಬೇಡಿ, ಜಾಲರಿಯ ತಗಡು ಮಡಚಿಕೊಳ್ಳುತ್ತದೆ.

ಪೆಟ್ರೋಲ್ 95 ಆಕ್ಟೇನ್‌ದೇ ಹಾಕಿಸಿ. ಈ ಎಂಜಿನ್‌ನ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಒತ್ತುವ ಪ್ರಮಾಣ) 14:1, ಅದಕ್ಕಿಂತ ಕಡಿಮೆ ಆಕ್ಟೇನ್ ಪೆಟ್ರೋಲ್ ಇದಕ್ಕೆ ಹಿಡಿಸುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ 24,000 ಕಿ.ಮೀ.ಗೆ ಕವಾಟದ ಗ್ಯಾಪ್ ನೋಡಿದ್ದಾರಾ ಅಂತ ಹುಡುಕಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದ್ದು. ಹಾಗೇನಾದರೂ ಇದ್ದರೆ ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ. ಈ ಜಾತಿ ಟೈರ್ ಬಿಸಿ ಆಗುವವರೆಗೆ ಹಿಡಿತ ಕೊಡುವುದಿಲ್ಲ. ಹಳೆಯದಾದರಂತೂ ನಂದಿಯ ಬೆಳಗಿನ ಮಂಜಿನಲ್ಲಿ ಜಾರಿಯೇ ಜಾರುತ್ತದೆ.

ಪ್ರಶ್ನೆ: ನಾನು ಚಿಂತಾಮಣಿಯವಳು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಎರಡು ವರ್ಷದಿಂದ 200 ಸಿಸಿ ಬೈಕ್ ಓಡಿಸುತ್ತಿದ್ದಾನೆ. ಈಗ ಸಾಲ ಮಾಡಿ ಈ ಡುಕಾಟಿಯೇ ಬೇಕು ಅಂತ ಕೂತಿದ್ದಾನೆ. "ಇದರಲ್ಲಿ ಎಲ್ಲಾ ಕಂಪ್ಯೂಟರ್ ನೋಡ್ಕೊಳುತ್ತಮ್ಮ" ಅಂತಾನೆ. ಹೌದಾ?

ಉತ್ತರ: ಅಮ್ಮ, ಅವನು ಹೇಳುವುದು ಪೂರ್ತಿ ಸುಳ್ಳಲ್ಲ. ಬೈಕ್ ಎಷ್ಟು ವಾಲಿದೆ ಅಂತ ಅಳೆಯುವ ಸೆನ್ಸರ್ ಇದೆ. ತಿರುವಿನ ಮಧ್ಯೆ ಬ್ರೇಕ್ ಹಿಡಿದರೂ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಅದನ್ನು ನೋಡಿಕೊಂಡೇ ಕೆಲಸ ಮಾಡುತ್ತದೆ. ಆದರೆ ರಸ್ತೆ ಮೇಲೆ ಚೆಲ್ಲಿದ ಮರಳನ್ನು ಯಾವ ಕಂಪ್ಯೂಟರೂ ಗುಡಿಸುವುದಿಲ್ಲ. ಅಡ್ಡ ಬಂದ ಹಸುವನ್ನು ಓಡಿಸುವುದಿಲ್ಲ.

ಈಗಲೇ ಬೇಡ ಅನ್ನಿ. ಯಾವತ್ತೂ ಬೇಡ ಅನ್ನಬೇಡಿ, ಆ ಆಸೆ ಒಳ್ಳೆಯದೇ. ಎರಡು ಮಳೆಗಾಲ 300–400 ಸಿಸಿ ಬೈಕ್ ಓಡಿಸಲಿ. ಸಾಲದ ದುಡ್ಡಿನಲ್ಲಿ ಸಣ್ಣ ಭಾಗ ಒಳ್ಳೆ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟಿಗೆ ಹೋಗಲಿ. ಕೋಲಾರ, ಮುಳಬಾಗಿಲು ದಾಟಿ ಚೆನ್ನೈ ದಾರಿ ಹಿಡಿದರೆ ಶ್ರೀಪೆರಂಬುದೂರು ಹತ್ತಿರ ಇರುಂಗಾಟುಕೋಟೈ ರೇಸ್ ಟ್ರ್ಯಾಕ್ ಇದೆ. ಅಲ್ಲಿ ಓಡಿಸುವುದನ್ನು ಕಲಿಸುತ್ತಾರೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ.

ನಿಮ್ಮ ಮಾತು ಕೇಳದಿದ್ದರೆ ಬರುವ ಭಾನುವಾರ ಬೆಳಗ್ಗೆ ನಂದಿ ಕ್ರಾಸ್‌ಗೆ ಕಳಿಸಿ. ಅಲ್ಲಿ ಪನಿಗಾಲೆಯಿಂದ ಇಳಿದು ಟೀ ಕುಡಿಯುತ್ತಾ ನಿಂತವರನ್ನು ಒಂದೇ ಒಂದು ಪ್ರಶ್ನೆ ಕೇಳಲಿ: "ಅಣ್ಣಾ, ಇದಕ್ಕೂ ಮುಂಚೆ ಯಾವ್ಯಾವ ಬೈಕ್ ಓಡಿಸಿದ್ರಿ?"