ಮೊದಲ ಸುತ್ತಿನಲ್ಲಿ ಮುಂದೆ, ಸೀಟಿನಲ್ಲಿ ಮೂರನೇ ಸ್ಥಾನ: ಫ್ರಾನ್ಸ್ 2024

ಫ್ರಾನ್ಸಿನ 2024ರ ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ಮೂರನೇ ಒಂದರಷ್ಟು ಮತ ಪಡೆದ ಕಟ್ಟಾ ಬಲಪಂಥೀಯ ಪಕ್ಷ ನ್ಯಾಷನಲ್ ರ‍್ಯಾಲಿ ಕೊನೆಗೆ ಮೂರನೇ ಸ್ಥಾನಕ್ಕೆ ಜಾರಿದ್ದು ಹೇಗೆ ಎಂದು ಕೇಳಿದ್ದೀರಿ. ಅಕ್ರಮವೇನೂ ಇಲ್ಲ, ಎರಡು ಸುತ್ತಿನ ಲೆಕ್ಕವೇ ಹಾಗೆ.

577 ಕ್ಷೇತ್ರ, ತಲಾ ಒಬ್ಬ ಸದಸ್ಯ. ಮೊದಲ ಸುತ್ತಿನಲ್ಲೇ ಗೆಲ್ಲಲು ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಅದು ನೋಂದಾಯಿತ ಮತದಾರರ ಶೇ 25ರಷ್ಟಾದರೂ ಇರಬೇಕು. ಯಾರೂ ಗೆಲ್ಲದಿದ್ದರೆ ಮೊದಲಿಬ್ಬರೂ, ನೋಂದಾಯಿತ ಮತದಾರರ ಶೇ 12.5 ಮುಟ್ಟಿದ ಉಳಿದವರೂ ಎರಡನೇ ಸುತ್ತಿಗೆ. ಬಹಳ ಜನ ಎಡವುವುದು ಇಲ್ಲೇ: ಈ 12.5 ಚಲಾವಣೆಯಾದ ಮತಗಳ ಪಾಲಲ್ಲ. ಮತದಾನ ಶೇ 50 ಆದರೆ ಮೂರನೆಯವರಿಗೆ ಶೇ 25 ಮತ ಬೇಕಾಗುತ್ತದೆ. 2024ರಲ್ಲಿ ಮತದಾನ ಶೇ 66 ದಾಟಿದ್ದರಿಂದ ಸುಮಾರು ಶೇ 19 ಸಾಕಾಯಿತು. ಹಾಗಾಗಿ 300ಕ್ಕೂ ಹೆಚ್ಚು ಕಡೆ ತ್ರಿಕೋನ ಸ್ಪರ್ಧೆಗೆ ದಾರಿಯಾಯಿತು.

ಎರಡನೇ ಸುತ್ತಿನಲ್ಲಿ ಅರ್ಧ ದಾಟಬೇಕಿಲ್ಲ, ಹೆಚ್ಚು ಮತ ಬಂದರೆ ಸಾಕು. ಮೂವರೂ ಕಣದಲ್ಲಿ ಉಳಿದರೆ ಎದುರಾಳಿ ಮತ ಒಡೆದು ಲಾಭ ನ್ಯಾಷನಲ್ ರ‍್ಯಾಲಿಗೇ. ಅದಕ್ಕೇ ಎಡಪಕ್ಷಗಳ ಕೂಟ ಮತ್ತು ಅಧ್ಯಕ್ಷ ಮಾಕ್ರೋನ್ ಕೂಟದ ಅಭ್ಯರ್ಥಿಗಳು 200ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟು ಹಿಂದೆ ಸರಿದರು. ತ್ರಿಕೋನ ಸ್ಪರ್ಧೆಗಳು 90ರ ಆಸುಪಾಸಿಗೆ ಇಳಿದವು. ಎಡಕೂಟಕ್ಕೆ ಸುಮಾರು 180, ಮಾಕ್ರೋನ್ ಕೂಟಕ್ಕೆ ಸುಮಾರು 160, ನ್ಯಾಷನಲ್ ರ‍್ಯಾಲಿ ಮತ್ತು ಮಿತ್ರರಿಗೆ 140ಕ್ಕೂ ಹೆಚ್ಚು ಸ್ಥಾನ. ಬಹುಮತಕ್ಕೆ ಬೇಕಾದ 289 ಯಾರಿಗೂ ಸಿಗಲಿಲ್ಲ.

ಇದೇ ಪಕ್ಷ ಹಿಂದೆ ನ್ಯಾಷನಲ್ ಫ್ರಂಟ್ ಆಗಿದ್ದಾಗಿನ ಲೆಕ್ಕ ಇನ್ನೂ ಮಜವಾಗಿದೆ. 1986ರ ಚುನಾವಣೆಗೆ ಆಗಿನ ಅಧ್ಯಕ್ಷ ಮಿತ್ತರಾಂ ಮತದ ಪಾಲಿಗೆ ತಕ್ಕಂತೆ ಸ್ಥಾನ ಕೊಡುವ ಪ್ರಮಾಣಾನುಗುಣ ಪದ್ಧತಿ ತಂದಾಗ ಶೇ 10ರ ಒಳಗಿನ ಮತಕ್ಕೇ 35 ಸ್ಥಾನ ಬಂದವು; 1988ರ ಚುನಾವಣೆ ಮತ್ತೆ ಎರಡು ಸುತ್ತಿನ ಪದ್ಧತಿಯಲ್ಲಿ ನಡೆಯಿತು, ಹೆಚ್ಚುಕಡಿಮೆ ಅಷ್ಟೇ ಮತಕ್ಕೆ ಸಿಕ್ಕಿದ್ದು ಒಂದೇ ಸ್ಥಾನ.