ತಾಮ್ರದ ಸೆಂಟಿಗೆ ಬೆಲೆ ಕಟ್ಟುವ ಬಗೆ: ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಓದಿದೆ. ಫಿಲಡೆಲ್ಫಿಯಾಕ್ಕೆ ಬಂದು ಕೆಲಸಕ್ಕೆ ಸೇರಿದ್ದೀಯ. ವಾರ ಹೇಗೋ ಕಳೆಯುತ್ತದೆ, ಶನಿವಾರ ಭಾನುವಾರ ಬಂದರೆ ಏನು ಮಾಡಬೇಕು ತೋಚುವುದಿಲ್ಲ ಅಂತ ಬರೆದಿದ್ದೀಯ. ಮೈಸೂರಿನಲ್ಲಿ ಅಜ್ಜ ಕೊಟ್ಟ ಟಿಪ್ಪುವಿನ ಆನೆ ಕಾಸುಗಳನ್ನು ಜೋಪಾನ ಮಾಡಿದವನು ನೀನು. ಈಗ ಇಲ್ಲಿನ ಒಂದು ಹರಾಜಿನ ಕ್ಯಾಟಲಾಗಿನಲ್ಲಿ 1794ರ ತಾಮ್ರದ ಸೆಂಟ್ ನಿನ್ನ ಕಣ್ಣಿಗೆ ಬಿದ್ದಿದೆ. ಅಂದಾಜು 500ರಿಂದ 700 ಡಾಲರ್ ಅಂತ ಹಾಕಿದ್ದಾರೆ. ಆ ಅಂದಾಜನ್ನು ನಂಬಬಹುದಾ, ನಾವೇ ಬೆಲೆ ಲೆಕ್ಕ ಹಾಕುವುದು ಹೇಗೆ, ನಮ್ಮಂಥವರು ಅಂಥ ಜಾಗಕ್ಕೆ ಹೋದರೆ ಏನಂದುಕೊಳ್ಳುತ್ತಾರೆ ಅಂತ ಕೇಳಿದ್ದೀಯ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಖಂಡಿತ ಹೋಗು. ಹರಾಜಿಗೆ ಮುಂಚೆ ಲಾಟ್ ವ್ಯೂಯಿಂಗ್, ಅಂದರೆ ಮಾರಾಟಕ್ಕಿಟ್ಟ ವಸ್ತುಗಳನ್ನು ನೋಡುವ ಅವಕಾಶ, ಇರುತ್ತದೆ. ಹೆಸರು ಬರೆಸಿ, ಮೇಜಿನ ಮುಂದೆ ಕೂತು, ಲಾಟ್ ನಂಬರು ಹೇಳಿದರೆ ನಾಣ್ಯ ತಂದು ಕೈಗೆ ಕೊಡುತ್ತಾರೆ. ನಮ್ಮಲ್ಲಿ ಅಂಗಡಿಗೆ ಹೋಗಿ ಎಲ್ಲ ತೆಗೆಸಿ ನೋಡಿ ಏನೂ ಕೊಳ್ಳದೆ ಬಂದರೆ ಮುಜುಗರ ಆಗುತ್ತದಲ್ವಾ? ಇಲ್ಲಿ ಆ ಮುಜುಗರ ಬೇಡ. ನೋಡುವುದಕ್ಕೇ ಆ ಮೇಜು ಇಟ್ಟಿರುವುದು. ಎರಡು ನಿಯಮ ಮಾತ್ರ ನೆನಪಿರಲಿ: ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಮೇಜಿನ ಮೇಲಿನ ಮೆತ್ತನೆ ಬಟ್ಟೆಯಿಂದ ಆಚೆ ತರಬಾರದು. ಬೆರಳಿನ ಬೆವರು ತಾಮ್ರಕ್ಕೆ ಆಗುವುದಿಲ್ಲ. ಇಷ್ಟು ಪಾಲಿಸಿದರೆ ಪಕ್ಕದಲ್ಲಿ ಕೂತ ಹಿರಿಯರೇ ಮಾತಿಗೆ ಎಳೆಯುತ್ತಾರೆ. ಯಾವ ಊರು, ಯಾವ ವೀಸಾ ಅಂತ ಕೇಳುವುದಿಲ್ಲ. 'ಈ ಕಂದು ಬಣ್ಣ ನಿಜವಾದದ್ದು ಅನ್ನಿಸುತ್ತಾ ನಿನಗೆ?' ಅಂತ ಕೇಳುತ್ತಾರೆ. ಈ ದೇಶದಲ್ಲಿ ನನಗೆ ಸಿಕ್ಕ ಒಳ್ಳೆಯ ಸ್ನೇಹಗಳು ಬಹಳಷ್ಟು ಇಂಥ ಪ್ರಶ್ನೆಯಿಂದಲೇ ಶುರುವಾದವು.

ನೀನು ಬಂದಿರುವ ಊರೂ ಈ ನಾಣ್ಯಗಳ ತವರು. 1792ರ ಕಾಯಿದೆಯಿಂದ ಹುಟ್ಟಿದ ಅಮೆರಿಕದ ಮೊದಲ ಟಂಕಸಾಲೆ ಇದ್ದದ್ದು ಫಿಲಡೆಲ್ಫಿಯಾದ ಸೆವೆಂತ್ ಸ್ಟ್ರೀಟಿನಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಆನೆ ಕಾಸು ಹೊಡೆಯುತ್ತಿದ್ದ ಆ ದಶಕದಲ್ಲೇ, 1793ರ ಮಾರ್ಚಿನಲ್ಲಿ, ಇಲ್ಲಿ ಮೊದಲ ಸೆಂಟುಗಳು ಚಲಾವಣೆಗೆ ಬಂದವು. ಹಿಂಬದಿಯಲ್ಲಿ ಸರಪಳಿ ಇದ್ದ ಚೈನ್ ಸೆಂಟ್ ಅವು. ಹೊಡೆದದ್ದು 36,103 ಮಾತ್ರ. ಅದೇ ವರ್ಷ ಊರಿಗೆ ಹಳದಿ ಜ್ವರ ಬಂತು. ಲಿಬರ್ಟಿ ಕ್ಯಾಪ್ ಅನ್ನುವ ವಿನ್ಯಾಸದ ಸೆಂಟಿನ ಅಚ್ಚು ಕೊರೆದ ಜೋಸೆಫ್ ರೈಟ್ ಆ ಜ್ವರದಲ್ಲೇ ತೀರಿಕೊಂಡ. ಒಳ್ಳೆ ತಾಮ್ರ ಸಿಗುವುದೇ ಕಷ್ಟವಾಗಿತ್ತು. ಹಳೆ ಪಾತ್ರೆ, ಗುಜರಿ ತಾಮ್ರ ಎಲ್ಲ ಕರಗಿಸಿ ಬಿಲ್ಲೆ ಮಾಡಿದರು. ಆ ಕಾಲದ ಸೆಂಟುಗಳ ಮೈಮೇಲೆ ಬಿರುಕು, ಪದರ ಎದ್ದ ಗುರುತು ಕಾಣುವುದು ಅದಕ್ಕೇ. ಬೆಲೆ ಕಟ್ಟುವಾಗ ಇದು ಮುಖ್ಯ. ಟಂಕಸಾಲೆಯಲ್ಲೇ ಆದ ದೋಷವನ್ನು ಸಂಗ್ರಾಹಕರು ಸಹಿಸಿಕೊಳ್ಳುತ್ತಾರೆ. ಆಮೇಲೆ ಮಣ್ಣಿನಲ್ಲಿ ಕೂತು ತುಕ್ಕು ತಿಂದದ್ದನ್ನು ಅಷ್ಟು ಸಹಿಸುವುದಿಲ್ಲ.

ಈಗ ನಿನ್ನ 1794ರ ಸೆಂಟಿಗೆ ಬರೋಣ. ಮೊದಲು ಕ್ಯಾಟಲಾಗಿನಲ್ಲಿ ಎಸ್ ಅಕ್ಷರದ ಪಕ್ಕದಲ್ಲಿರುವ ನಂಬರು ನೋಡು. ಆಗ ಅಚ್ಚುಗಳನ್ನು ಕೈಯಲ್ಲೇ ಕೊರೆಯುತ್ತಿದ್ದರು, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. 1794 ಒಂದೇ ವರ್ಷದಲ್ಲಿ 50ಕ್ಕೂ ಹೆಚ್ಚು ಅಚ್ಚುಜೋಡಿಗಳಿವೆ, ಅಂದರೆ ಮುಂಬದಿಯ ಒಂದು ಅಚ್ಚು, ಹಿಂಬದಿಯ ಒಂದು ಅಚ್ಚು ಸೇರಿದ ಜೋಡಿಗಳು. ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ 1793ರಿಂದ 1814ರವರೆಗಿನ ಸೆಂಟುಗಳಿಗೆಲ್ಲ ನಂಬರು ಕೊಟ್ಟರು, ಎಸ್ ಅಂದರೆ ಅವರ ಹೆಸರಿನ ಅಕ್ಷರ. ಇವತ್ತಿಗೂ ಎಲ್ಲರೂ ಅದೇ ನಂಬರಿನಲ್ಲಿ ಮಾತಾಡುತ್ತಾರೆ. ಎಸ್-48 ಆಗಿದ್ದರೆ ಕಥೆಯೇ ಬೇರೆ. ಅದರ ಹಿಂಬದಿಯ ಅಂಚಿನ ಸುತ್ತ ಐದು ಮೂಲೆಯ 94 ಪುಟ್ಟ ನಕ್ಷತ್ರಗಳಿವೆ. ಯಾಕೆ ಕೊರೆದರು ಅಂತ ಹೇಳುವ ದಾಖಲೆಯೇ ಇಲ್ಲ. ಚೆನ್ನಾಗಿ ಸವೆದು ಹೋದ ಎಸ್-48 ಕೂಡ ಸಾವಿರಗಟ್ಟಲೆ ಡಾಲರಿಗೆ ಹೋಗುತ್ತದೆ. ನಿನ್ನದು ಸಾಮಾನ್ಯ ನಂಬರೇ ಇರಬೇಕು, ಇಲ್ಲದಿದ್ದರೆ ಆ ಅಂದಾಜು ಹಾಕುತ್ತಿರಲಿಲ್ಲ.

ನಂಬರಿನ ಪಕ್ಕದಲ್ಲಿ ಆರ್-1ರಿಂದ ಆರ್-8ರವರೆಗೆ ಇನ್ನೊಂದು ಗುರುತು ಇರುತ್ತದೆ. ಎಷ್ಟು ಉಳಿದಿವೆ ಅನ್ನುವ ಅಂದಾಜು ಅದು. ಆರ್-5 ಅಂದರೆ 31ರಿಂದ 75, ಆರ್-7 ಅಂದರೆ 4ರಿಂದ 12, ಆರ್-8 ಅಂದರೆ ಮೂರು ಅಥವಾ ಅದಕ್ಕೂ ಕಡಿಮೆ. ಹೊಸಬರು ಇಲ್ಲೇ ಮುಗ್ಗರಿಸುತ್ತಾರೆ. ಅಪರೂಪ ಅಂದರೆ ದುಬಾರಿ ಅಂದುಕೊಳ್ಳುತ್ತಾರೆ. ಒಂದು ನಾಣ್ಯ ಎಷ್ಟು ಇದೆ ಅನ್ನುವುದಕ್ಕಿಂತ ಎಷ್ಟು ಜನಕ್ಕೆ ಅದು ಬೇಕು ಅನ್ನುವುದೇ ಬೆಲೆಯನ್ನು ಕಟ್ಟುತ್ತದೆ. ಚೈನ್ ಸೆಂಟುಗಳು ನೂರಾರು ಉಳಿದಿವೆ. ಆದರೆ ಅಮೆರಿಕದ ಮೊದಲ ಸೆಂಟ್ ಅಂತ ಎಲ್ಲರಿಗೂ ಒಂದು ಬೇಕು. ಅಕ್ಷರ ಅರ್ಧ ಅಳಿಸಿ ಹೋದದ್ದಕ್ಕೂ ಸಾವಿರಾರು ಡಾಲರ್. ತುಂಬಾ ಒಳ್ಳೆಯ ಸ್ಥಿತಿಯ ಒಂದು 2012ರ ಜನವರಿಯಲ್ಲಿ 13 ಲಕ್ಷದ 80 ಸಾವಿರ ಡಾಲರಿಗೆ ಹೋಯಿತು. ಅದೇ 1800ರ ಆಚೀಚಿನ ಯಾವುದೋ ಆರ್-6 ಅಚ್ಚುಜೋಡಿ, ಅದನ್ನು ಹುಡುಕುವವರೇ ಬೆರಳೆಣಿಕೆ ಮಂದಿ. ಆ ದಿನ ಅವರಲ್ಲಿ ಇಬ್ಬರು ಬಂದಿದ್ದರೆ ಬೆಲೆ ಏರುತ್ತದೆ. ಒಬ್ಬರೇ ಇದ್ದರೆ ಸಾಮಾನ್ಯ ನಾಣ್ಯದ ಬೆಲೆಗೇ ಸಿಗಬಹುದು. ಇನ್ನೂ ಒಂದು ಇದೆ. ಇಬ್ಬರಲ್ಲಿ ಗೆದ್ದವನು ಮುಂದಿನ ಸಲ ಬರುವುದಿಲ್ಲ, ಅವನಿಗೆ ಅದು ಸಿಕ್ಕಾಯಿತು. ಹಾಗಾಗಿ ಎರಡನೇ ನಾಣ್ಯ ಹರಾಜಿಗೆ ಬಂದಾಗ ಮೊದಲನೆಯದರ ಬೆಲೆಯನ್ನೇ ಹಿಡಿದುಕೊಂಡು ಕೂರಬಾರದು.

ಟಂಕಸಾಲೆಯ ಲೆಕ್ಕವನ್ನೂ ಸುಮ್ನೆ ನಂಬಬೇಡ. 1799ರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಸೆಂಟ್ ಹೊಡೆದರು ಅಂತ ದಾಖಲೆ ಹೇಳುತ್ತದೆ. ಆದರೆ 1799 ಅಂತ ಬರೆದಿರುವ ಸೆಂಟ್ ಸಿಗುವುದು ಬಲು ಕಷ್ಟ. ಹಿಂದಿನ ವರ್ಷದ ಅಚ್ಚುಗಳು ಗಟ್ಟಿ ಇದ್ದರೆ ಅವನ್ನೇ ಬಳಸುತ್ತಿದ್ದರು, ಅದಕ್ಕೇ ಹಾಗೆ. ಈ ಅಪರೂಪದಿಂದಲೇ 1798ರ ಕೊನೆಯ ಅಂಕಿ ತಿದ್ದಿ 1799 ಮಾಡಿದ ಮೋಸದ ನಾಣ್ಯಗಳು ಬೇಕಾದಷ್ಟಿವೆ.

ಇನ್ನು ಸ್ಥಿತಿ. ತಾಮ್ರಕ್ಕೆ ಬೆಲೆ ಕಟ್ಟುವಾಗ ನಿಜವಾದ ಕೆಲಸ ಇರುವುದು ಇಲ್ಲೇ. ಪರೀಕ್ಷಿಸಿದ ನಾಣ್ಯವನ್ನು ಮುಚ್ಚಿಡುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಸ್ಲ್ಯಾಬಿನ ಮೇಲೆ ನೀನು ನೋಡುವ 70ರವರೆಗಿನ ಅಂಕಿ ಇದೆಯಲ್ಲ, ಅದು ಹುಟ್ಟಿದ್ದೇ ಈ ಸೆಂಟುಗಳಿಂದ, ಅದೂ ಬೆಲೆ ಹೇಳಲಿಕ್ಕೆ. ಗುರುತು ಹಿಡಿಯುವಷ್ಟು ಮಾತ್ರ ಉಳಿದದ್ದು ಒಂದು ಡಾಲರ್ ಆದರೆ, ಒಂದಿಷ್ಟೂ ಕಳಂಕವಿಲ್ಲದ್ದು 70 ಡಾಲರ್ ಅಂತ ಶೆಲ್ಡನ್ ಲೆಕ್ಕ ಹಾಕಿದ್ದರು. ಆ ಲೆಕ್ಕ ಹೆಚ್ಚು ಕಾಲ ನಿಲ್ಲಲಿಲ್ಲ. ಒಳ್ಳೆಯ ನಾಣ್ಯಗಳ ಬೆಲೆ ಅದನ್ನು ಮೀರಿ ಎಲ್ಲಿಗೋ ಹೋಯಿತು. ಅಂಕಿ ಮಾತ್ರ ಉಳಿದು ಅಮೆರಿಕದ ಎಲ್ಲ ನಾಣ್ಯಗಳಿಗೂ ಹಬ್ಬಿತು.

ತಾಮ್ರದ ನಾಣ್ಯ ಕೂಡಿಡುವವರು ಒಂದು ನಾಣ್ಯಕ್ಕೆ ಎರಡು ಅಂಕಿ ಕೊಡುತ್ತಾರೆ. ಅರ್ಲಿ ಅಮೆರಿಕನ್ ಕಾಪರ್ಸ್ ಅಂತ 1967ರಲ್ಲಿ ಹುಟ್ಟಿದ ಕ್ಲಬ್ ಇದೆ, ಅವರ ಪದ್ಧತಿ ಇದು. ಚಿತ್ರ ಎಷ್ಟು ಉಳಿದಿದೆ ಅನ್ನುವುದು ಶಾರ್ಪ್‌ನೆಸ್. ಗೀರು, ತುಕ್ಕು, ತೊಳೆದ ಗುರುತು, ಅಂಚಿನ ಪೆಟ್ಟು ಎಲ್ಲ ಕಳೆದು ಉಳಿಯುವುದು ನೆಟ್ ಗ್ರೇಡ್. ನಿನ್ನ ಕ್ಯಾಟಲಾಗಿನ ಸೆಂಟಿಗೆ ಶಾರ್ಪ್‌ನೆಸ್ 20, ನೆಟ್ 10 ಅಂತ ಬರೆದಿದ್ದರೆ 10ರ ಬೆಲೆಯಿಂದಲೇ ಲೆಕ್ಕ ಶುರು ಮಾಡಬೇಕು. ಪಿಸಿಜಿಎಸ್, ಎನ್‌ಜಿಸಿ ಅನ್ನುವ ನಾಣ್ಯ ಪರೀಕ್ಷಿಸುವ ಕಂಪನಿಗಳ ಸ್ಲ್ಯಾಬುಗಳ ಅಂಕಿ ಸಾಮಾನ್ಯವಾಗಿ ಕ್ಲಬ್ಬಿನವರ ಅಂಕಿಗಿಂತ ಜಾಸ್ತಿ ಇರುತ್ತದೆ. ಕ್ಲಬ್ಬಿನವರು 30 ಅನ್ನುವ ನಾಣ್ಯ ಸ್ಲ್ಯಾಬಿನಲ್ಲಿ 45 ಆಗಿರುವುದು ಅಪರೂಪವೇನಲ್ಲ. ಇದನ್ನು ಮರೆತು ಸ್ಲ್ಯಾಬಿನ 30ರ ಬೆಲೆಯನ್ನು ಕ್ಲಬ್ಬಿನ 30ಕ್ಕೆ ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಅಂಕಿ ಒಂದೇ ಇದ್ದರೂ ಮೈ ನೋಡಿ ಮೂರು ದರ್ಜೆ ಮಾಡುತ್ತಾರೆ: ಚಾಯ್ಸ್, ಆವರೇಜ್, ಸ್ಕಡ್ಜಿ. ನಯವಾದ, ಒಂದೇ ಸಮನೆ ಕಂದಾದ ಮೈ ಇದ್ದರೆ ಚಾಯ್ಸ್. ಕಪ್ಪಗೆ, ಒರಟಾಗಿ, ಸಣ್ಣ ಸಣ್ಣ ತೂತು ಬಿದ್ದಿದ್ದರೆ ಸ್ಕಡ್ಜಿ. ಒಂದೇ ಎಸ್ ನಂಬರು, ಒಂದೇ ಅಂಕಿ, ಆದರೂ ಚಾಯ್ಸ್‌ಗೂ ಸ್ಕಡ್ಜಿಗೂ ಬೆಲೆ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇರೆ ಇರುತ್ತದೆ. ಇದು ಫೋಟೋದಲ್ಲಿ ಸರಿಯಾಗಿ ಕಾಣುವುದಿಲ್ಲ. ಬೆಳಕು ಚೆಲ್ಲಿ ತೆಗೆದರೆ ಒರಟು ಮೈಯೂ ನಯವಾಗಿ ಕಾಣುತ್ತದೆ. ಅದಕ್ಕೇ ಲಾಟ್ ವ್ಯೂಯಿಂಗಿಗೆ ಹೋಗು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ದೀಪದ ಕೆಳಗೆ ನಿಧಾನಕ್ಕೆ ತಿರುಗಿಸಿ ನೋಡು. ಅಸಹಜವಾದ ಕಿತ್ತಳೆ, ಗುಲಾಬಿ ಛಾಯೆ ಕಂಡರೆ ಯಾರೋ ತೊಳೆದಿದ್ದಾರೆ. ನಿನ್ನ ಆನೆ ಕಾಸುಗಳನ್ನು ಹುಣಸೆಹುಳಿ ಹಾಕಿ ಉಜ್ಜಬೇಡ ಅಂತ ಅಜ್ಜ ಹೇಳಿದ್ದರಂತಲ್ಲ, ಅವರು ತಿಳಿದವರು.

ಇಷ್ಟಾದ ಮೇಲೆ ಹಳೇ ಹರಾಜುಗಳ ಬೆಲೆ ಹುಡುಕು. ಮೈಸೂರಿನಲ್ಲಿ ಸೈಟು ಕೊಳ್ಳುವಾಗ ಪಕ್ಕದ ಸೈಟು ಎಷ್ಟಕ್ಕೆ ಹೋಯಿತು ಅಂತ ವಿಚಾರಿಸುತ್ತೇವಲ್ಲ, ಹಾಗೇ. ದೊಡ್ಡ ಹರಾಜು ಸಂಸ್ಥೆಗಳು ಹಳೆಯ ಬೆಲೆಗಳನ್ನು ಫೋಟೋ ಸಮೇತ ತೆರೆದಿಟ್ಟಿವೆ. ಅದೇ ಎಸ್ ನಂಬರು, ಅದೇ ಸ್ಥಿತಿ, ಈಚಿನ ನಾಲ್ಕೈದು ವರ್ಷದ್ದು ತೆಗೆ. ಉದಾಹರಣೆಗೆ 480, 560, 620, 1,050 ಡಾಲರ್ ಅಂತ ನಾಲ್ಕು ಸಿಕ್ಕವು ಅಂದುಕೋ. ಆ 1,050 ಯಾಕೆ ಅಂತ ಕೇಳಿಕೋ. ಹೆಸರಾಂತ ಸಂಗ್ರಹದ ಮಾರಾಟ ಆಗಿರಬಹುದು. 2008ರಲ್ಲಿ ವಾಲ್ಟರ್ ಹ್ಯೂಸಾಕ್ ಸಂಗ್ರಹ, 2009ರಲ್ಲಿ ಡ್ಯಾನ್ ಹೋಮ್ಸ್ ಸಂಗ್ರಹ ಹರಾಜಾದಾಗ ತಾಮ್ರದ ಲೋಕಕ್ಕೆ ಲೋಕವೇ ಅಲ್ಲಿ ಸೇರಿತ್ತು. ಅಂಥ ದಿನದ ಬೆಲೆ ಮಾಮೂಲಿ ದಿನಕ್ಕೆ ಅಳತೆಗೋಲಾಗುವುದಿಲ್ಲ. ಆದರೆ ನಾಣ್ಯ ಯಾರ ಯಾರ ಕೈ ದಾಟಿ ಬಂತು ಅನ್ನುವ ಚರಿತ್ರೆಗೆ ನಿಜವಾದ ಬೆಲೆ ಇದೆ, ಅದನ್ನೂ ಸೇರಿಸಬೇಕು. ಕಾರಣವೂ ಇದೆ. ನಂಬರು ಕೊಟ್ಟ ಅದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅನ್ನುವ ನಾಣ್ಯ ಅಧ್ಯಯನ ಸಂಸ್ಥೆಯ ಒಳ್ಳೆಯ ಸೆಂಟುಗಳನ್ನು ತೆಗೆದು ತನ್ನ ಕಡಿಮೆ ದರ್ಜೆಯವನ್ನು ಅಲ್ಲಿಟ್ಟರು ಅನ್ನುವುದು ಅವರು ಸತ್ತ ಮೇಲೆ ಬಯಲಾಯಿತು. ನನಗೆ ಅದನ್ನು ನೆನೆದರೆ ಇವತ್ತಿಗೂ ನೋವಾಗುತ್ತದೆ. ಹಾಗಾಗಿ ದೊಡ್ಡ ಬೆಲೆಯ ನಾಣ್ಯದ ಹಿಂದಿನ ದಾರಿ ಗೊತ್ತಿರುವುದು ಒಳ್ಳೆಯದು.

ಕ್ಯಾಟಲಾಗಿನ ಅಂದಾಜು ಜನರನ್ನು ಕರೆಯುವುದಕ್ಕೆ ಹಾಕಿದ ಅಂಕಿ. ಬಹಳ ಸಲ ಬೇಕೆಂದೇ ತುಸು ಕೆಳಗೆ ಹಾಕಿರುತ್ತಾರೆ. ಅದೂ ಅಲ್ಲದೆ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಸೇರುತ್ತದೆ, ದೊಡ್ಡ ನಾಣ್ಯ ಹರಾಜುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 20ರ ಆಸುಪಾಸು. ಅದು 20 ಆಗಿದ್ದು, ನಿನ್ನ ಜೇಬಿನಿಂದ ಒಟ್ಟು 600 ಡಾಲರ್ ಅಂತ ತೀರ್ಮಾನಿಸಿದ್ದರೆ 500ಕ್ಕೇ ನಿಲ್ಲಬೇಕು. ಹಳೇ ದಾಖಲೆ ನೋಡುವಾಗಲೂ ಕಮಿಷನ್ ಸೇರಿದ ಬೆಲೆಯೋ ಬಿಟ್ಟ ಬೆಲೆಯೋ ನೋಡಿಕೋ. ಕೆಲವು ರಾಜ್ಯಗಳಲ್ಲಿ ಸೇಲ್ಸ್ ಟ್ಯಾಕ್ಸ್ ಕೂಡ ಬರುತ್ತದೆ.

ನಿನಗೆ ಇದನ್ನು ಇಲ್ಲಿ ಯಾರೂ ಹೇಳಲಿಕ್ಕಿಲ್ಲ, ಅದಕ್ಕೇ ನಾನೇ ಹೇಳುತ್ತೇನೆ. ಮುಂದೆ ಊರಿಗೆ ಹೋಗಿ ಬರುವಾಗ ಆನೆ ಕಾಸುಗಳನ್ನು ತರಬೇಡ. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯ ಕೆಳಗೆ ಬರುತ್ತದೆ, ದೇಶದಿಂದ ಆಚೆ ಒಯ್ಯುವಂತಿಲ್ಲ. ಅವು ಅಮ್ಮನ ಹತ್ತಿರವೇ ಇರಲಿ. ಇಲ್ಲಿ ಕೊಂಡದ್ದನ್ನು ಮನೆಯಲ್ಲಿಟ್ಟರೆ ಮನೆ ವಿಮೆ ನಾಣ್ಯಗಳಿಗೆ ತೀರಾ ಸಣ್ಣ ಮೊತ್ತ ಮಾತ್ರ ಕೊಡುತ್ತದೆ. ಬ್ಯಾಂಕ್ ಲಾಕರಿನಲ್ಲಿಟ್ಟ ವಸ್ತುವಿಗೆ ಸರ್ಕಾರದ ಠೇವಣಿ ವಿಮೆ ಇಲ್ಲ. ಬೆಲೆಬಾಳುವುದು ಸೇರಿದ ಮೇಲೆ ಬೇರೆ ವಿಮೆ ಮಾಡಿಸು. ವರ್ಷಕ್ಕೂ ಹೆಚ್ಚು ಇಟ್ಟುಕೊಂಡು ಲಾಭಕ್ಕೆ ಮಾರಿದರೆ ತೆರಿಗೆ ಷೇರಿನಂತಲ್ಲ, ನೂರಕ್ಕೆ 28ರವರೆಗೂ ಹೋಗಬಹುದು. ಕೊಂಡ ರಸೀದಿ ಒಂದನ್ನೂ ಬಿಸಾಡಬೇಡ. ಕೆಲಸದ ವೀಸಾದಲ್ಲಿ ಇದ್ದೀಯ, ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಳ್ಳುವ ಯೋಚನೆ ಬಂದರೆ ಮೊದಲು ವಕೀಲರನ್ನು ಕೇಳು.

ಇಂಟರ್ನೆಟ್ಟಿನಲ್ಲಿ ಸ್ಲ್ಯಾಬ್ ಇಲ್ಲದ ಅಗ್ಗದ ಚೈನ್ ಸೆಂಟ್, 1799 ಕಂಡರೆ ಕೈ ಹಾಕಬೇಡ. ಈಗಿನ ನಕಲಿಗಳು ಬಹಳ ಚೆನ್ನಾಗಿವೆ, ನಕಲಿ ಸ್ಲ್ಯಾಬೂ ಬಂದಿದೆ. ಒಂದು ಸಣ್ಣ ತಕ್ಕಡಿ ತೆಗೆದುಕೋ. 1794ರ ಸೆಂಟ್ ಹೊಸದರಲ್ಲಿ 13.48 ಗ್ರಾಂ ಇರಬೇಕಿತ್ತು, ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ. 1796ರಿಂದ ಈಚಿನವು 10.89 ಗ್ರಾಂ. 1794ರದ್ದರ ಅಂಚಿನಲ್ಲಿ 'ಒಂದು ಡಾಲರಿಗೆ ನೂರು' ಅನ್ನುವ ಅರ್ಥದ ಇಂಗ್ಲಿಷ್ ಅಕ್ಷರಗಳು ಸುತ್ತಲೂ ಇರಬೇಕು. ಅಂಚಿನ ಸುತ್ತ ಬೆಸುಗೆ ಗೆರೆ ಕಂಡರೆ ಅದು ಹಳೇ ಕಾಲದ ಎಲೆಕ್ಟ್ರೋಟೈಪ್, ಅಂದರೆ ಎರಡು ಬದಿಗಳನ್ನು ಬೇರೆಬೇರೆ ಮಾಡಿ ಜೋಡಿಸಿದ ನಕಲು.

ಲಾಟ್ ನಂಬರು, ಎಸ್ ನಂಬರು ಎರಡನ್ನೂ ನನಗೆ ಕಳಿಸು. ಹಳೇ ಬೆಲೆಗಳನ್ನು ನಾನೂ ತೆಗೆದಿಡುತ್ತೇನೆ, ನೀನೂ ಬೇರೆಯಾಗಿ ಲೆಕ್ಕ ಹಾಕು. ವ್ಯೂಯಿಂಗ್ ಶನಿವಾರ ಇದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಊಟ ಮನೆಯಲ್ಲೇ.

ನಿನ್ನ ಅಕ್ಕ